ಲಕೋಟೆಯೊಳಗಿನ ಹೆಪ್ಪು

ಸಾಗರ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಲಕೋಟೆ ಒಡೆದ ಕೂಡಲೇ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿಟ್ಟ ಬಿಳಿ ಬಟ್ಟೆಯ ತುಂಡು ಸಿಕ್ಕಿರಬೇಕು. ಹುಳಿ ವಾಸನೆ ಬರುತ್ತದೆ ಅಂತ ಬಿಸಾಡಿಬಿಡಬೇಡ. ಅದೇನು ಅಂತ ಆಮೇಲೆ ಹೇಳುತ್ತೇನೆ.

ಮೊನ್ನೆ ಫೋನಿನಲ್ಲಿ ನಿನ್ನ ದನಿಯಲ್ಲಿ ಸಿಟ್ಟಿತ್ತು. ಹಾಸ್ಟೆಲಿನಲ್ಲಿ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಡಾಕ್ಟರು ಲ್ಯಾಕ್ಟೋಸ್ ಆಗಿಬರುವುದಿಲ್ಲ ಅಂದರು. "ನಿನ್ನದೇ ಜೀನು ಅಮ್ಮಮ್ಮ, ನಿನ್ನಿಂದ ನಂಗೆ ಬಂದಿದ್ದು ಇದೊಂದೇ" ಅಂದೆ. ನಗುತ್ತಾ ಫೋನಿಟ್ಟೆ. ಸಂಜೆ ಮಜ್ಜಿಗೆ ಕಡೆಯಲು ಕೂತಾಗ ಆ ಮಾತು ಮತ್ತೆ ಮತ್ತೆ ನೆನಪಾಯಿತು. ಕೊಟ್ಟದ್ದು ಇದೊಂದೇ ಏನು?

ನೀನು ಹಾಗೆ ಅಂದದ್ದಕ್ಕೆ ನಾನೂ ಒಂದಿಷ್ಟು ಹೊಣೆ. ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿದವಳಲ್ಲವೇ. ಆಗಸ್ಟ್ ವೈಸ್‌ಮನ್ನನ ಇಲಿಗಳ ಪಾಠ ಬಂದರೆ ನನಗೆ ಎಲ್ಲಿಲ್ಲದ ಹುರುಪು. ಐದು ತಲೆಮಾರು ಬಾಲ ಕತ್ತರಿಸಿದರೂ ಹುಟ್ಟಿದ ಒಂಬೈನೂರು ಚಿಲ್ಲರೆ ಮರಿಗಳಲ್ಲಿ ಒಂದರ ಬಾಲವೂ ಮೋಟಾಗಲಿಲ್ಲ. ಬದುಕಿನಲ್ಲಿ ಗಳಿಸಿದ್ದು ಮಕ್ಕಳಿಗೆ ದಾಟುತ್ತದೆ ಅಂದ ಲಾಮಾರ್ಕ್ ಸೋತ, ಪಾಠ ಮುಗಿಯಿತು ಅಂತ ಹಲಗೆ ಒರೆಸಿಬಿಡುತ್ತಿದ್ದೆ. ಪ್ರಯೋಗದಲ್ಲಿ ಸುಳ್ಳಿಲ್ಲ. ಆದರೆ ಗಾಯ ಮರಿಗೆ ದಾಟುವುದಿಲ್ಲ ಅನ್ನುವುದೇ ಒಂದು, ಜೀನಿನ ಹೊರಗೆ ಏನೂ ದಾಟುವುದಿಲ್ಲ ಅನ್ನುವುದೇ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ನಂಬಿಸಿದೆ. ಪಾಠ ಮುಗಿಸಿ ಮನೆಗೆ ಬಂದು ಕೊಟ್ಟಿಗೆಯಲ್ಲಿ ನೋಡುತ್ತಿದ್ದದ್ದು ಮಾತ್ರ ಕಣ್ಣಿಗೆ ಬೀಳಲಿಲ್ಲ.

ನಮ್ಮ ಗೌರಿ ಕರು ಹಾಕಿದ ರಾತ್ರಿ ನಿನಗೆ ನೆನಪಿದೆಯೋ ಇಲ್ಲವೋ. ನೀನಾಗ ಒಂದನೇ ಕ್ಲಾಸು, ನನ್ನ ಸೆರಗು ಹಿಡಿದು ನಿಂತಿದ್ದೆ. ಗೌರಿ ಆ ಒದ್ದೆ ಕರುವನ್ನು ಮೂತಿಯಿಂದ ಬಾಲದವರೆಗೆ ನೆಕ್ಕಿದ್ದೇ ನೆಕ್ಕಿದ್ದು. "ಛೀ, ಕೊಳಕು" ಅಂದಿದ್ದೆ ನೀನು. ಹಸುವಿನ ಸ್ವಂತ ಜೀನುಗಳಿಗೆ ಹುಲ್ಲಿನ ನಾರು ಒಡೆಯುವ ವಿದ್ಯೆ ಗೊತ್ತಿಲ್ಲ ಪುಟ್ಟಿ. ಆ ಕೆಲಸ ಅದರ ದೊಡ್ಡ ಹೊಟ್ಟೆಯಲ್ಲಿ ಬೀಡುಬಿಟ್ಟ ಸೂಕ್ಷ್ಮಜೀವಿಗಳದ್ದು. ಹುಟ್ಟಿದ ಕರುವಿನಲ್ಲಿ ಆ ಹೊಟ್ಟೆ ಇನ್ನೂ ಕೆಲಸಕ್ಕೆ ಬಾರದ ಪುಟ್ಟ ಚೀಲ. ತಾಯಿಯ ಎಂಜಲು, ಕೆಚ್ಚಲು, ಕಾಲಡಿಯ ಹುಲ್ಲು, ಸಗಣಿ, ಇಲ್ಲಿಂದೆಲ್ಲ ಸೇರಿ ಅಲ್ಲೊಂದು ಊರು ಕಟ್ಟಿಕೊಳ್ಳುತ್ತದೆ. ಹುಲ್ಲು ಅರಗಿಸುವ ಶಕ್ತಿಯ ಒಂದು ಪಾಲನ್ನು ಗೌರಿ ಆ ರಾತ್ರಿ ನಾಲಿಗೆಯಲ್ಲೇ ದಾಟಿಸುತ್ತಿದ್ದಳು.

ಇದನ್ನು ಇನ್ನೂ ನಾಜೂಕಾಗಿ ಮಾಡುವವರಿದ್ದಾರೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡಿನಲ್ಲಿ ಎಲೆ ಕತ್ತರಿಸುವ ಇರುವೆಗಳಿವೆ. ಎಲೆಯನ್ನು ಹಾಗೇ ತಿನ್ನುವುದಿಲ್ಲ, ಅಗಿದು ಗೊಬ್ಬರ ಮಾಡಿ ನೆಲದೊಳಗೆ ಒಂದು ಜಾತಿಯ ಶಿಲೀಂಧ್ರ ಬೆಳೆಸುತ್ತವೆ. ಅದೇ ಅವುಗಳ ಅನ್ನ. ಹೊಸ ರಾಣಿ ಮದುವೆಯ ಹಾರಾಟಕ್ಕೆ ಹೊರಡುವ ಮುಂಚೆ ತವರಿನ ತೋಟದಿಂದ ಒಂದು ಚೂರು ಶಿಲೀಂಧ್ರ ತೆಗೆದು ಬಾಯೊಳಗಿನ ಸಣ್ಣ ಜೇಬಿನಲ್ಲಿ ಇಟ್ಟುಕೊಳ್ಳುತ್ತದೆ. ಹಾರಿ, ಗಂಡಿನ ಜೊತೆ ಕೂಡಿ, ರೆಕ್ಕೆ ಕಳಚಿ, ಮಣ್ಣು ತೋಡಿ, ಕತ್ತಲೆಯಲ್ಲಿ ಒಂಟಿಯಾಗಿ ಕೂತು ಆ ಚೂರನ್ನು ಉಗುಳುತ್ತದೆ. ಮೊದಮೊದಲು ತನ್ನ ಮಲವನ್ನೇ ಗೊಬ್ಬರವಾಗಿ ಹಾಕಿ ಸಾಕುತ್ತದೆ. ಆ ಚೂರು ಸತ್ತರೆ ಸಂಸಾರವೇ ಇಲ್ಲ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ, "ಅಯ್ಯೋ, ಹೆಪ್ಪು!" ಅಂದಿದ್ದೆ. ಮದುವೆಯಾಗಿ ಈ ಮನೆಗೆ ಬಂದಾಗ ನನ್ನಮ್ಮ ಗಿಂಡಿಯಲ್ಲಿ ಹೆಪ್ಪು ಹಾಕಿ ಕೊಟ್ಟು, ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೋ ಅಂದಿದ್ದಳು.

ಮುಂದಿನದು ಪಾಠದ ಮಾತು. ಆ ಇರುವೆಗಳ ಪೂರ್ವಜರು ಈ ಶಿಲೀಂಧ್ರದ ಬೇಸಾಯ ಹಿಡಿದು 5 ಕೋಟಿ ವರ್ಷಕ್ಕೂ ಮೇಲಾಯಿತು. 2011ರಲ್ಲಿ ಈ ಇರುವೆಗಳ ಜೀನೋಮು ಓದಿದವರಿಗೆ ಒಂದು ಖಾಲಿ ಜಾಗ ಸಿಕ್ಕಿತು. ಅರ್ಜಿನೈನ್ ಎಂಬ ಅಮೈನೋ ಆಮ್ಲವನ್ನು ಮೈಯಲ್ಲೇ ತಯಾರಿಸಿಕೊಳ್ಳಲು ಬೇಕಾದ ಜೀನುಗಳು ಅವುಗಳಲ್ಲಿ ಇಲ್ಲ. ತೋಟದಲ್ಲೇ ದಿನಾ ಸಿಗುವುದನ್ನು ಮೈ ಯಾಕೆ ಮಾಡಬೇಕು? ರಾಣಿಯಿಂದ ರಾಣಿಗೆ ಬಾಯಿಯ ಜೇಬಿನಲ್ಲಿ ಬಂದ ಆಸ್ತಿ ಕೊನೆಗೆ ಜೀನನ್ನೇ ಬೇಡವಾಗಿಸಿತು.

ಹಾಲಿನ ವಿಷಯದಲ್ಲಿ ಆದದ್ದು ಇದರ ತಿರುವುಮುರುವು. ಮೊಲೆ ಬಿಡಿಸಿದ ಮೇಲೆ ಹಾಲಿನ ಸಕ್ಕರೆ ಒಡೆಯುವ ಕಿಣ್ವ ಕಡಿಮೆಯಾಗುವುದು ಸಸ್ತನಿಗಳ ಸಹಜ ಗುಣ. ಲೋಕದ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹಾಗೇ ಇದ್ದಾರೆ. ನಿನಗಿರುವುದು ರೋಗವಲ್ಲ ಮಾರಾಯ್ತಿ, ಹಳೆಯ ನಮೂನೆ. ಹೊಸಬರು ಹಾಲು ದಕ್ಕಿಸಿಕೊಂಡವರು. ಕಿಣ್ವದ ಜೀನಿಗೆ ಸುಮಾರು ಹದಿನಾಲ್ಕು ಸಾವಿರ ಅಕ್ಷರ ಹಿಂದೆ ಒಂದೇ ಒಂದು ಅಕ್ಷರ ಬದಲಾಗಿ ಅವರಿಗೆ ಆ ಶಕ್ತಿ ಬಂತು. ಯೂರೋಪಿನವರಲ್ಲಿ ಕಂಡ ಅದೇ ಬದಲಾವಣೆ ನಮ್ಮ ದೇಶದಲ್ಲೂ ಇದೆ, ವಾಯವ್ಯದ ಕಡೆ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಕೀನ್ಯಾ, ತಾಂಜಾನಿಯಾದ ದನಗಾಹಿಗಳಲ್ಲಿ ಬೇರೆಯದೇ ಅಕ್ಷರಗಳು ಬದಲಾಗಿ ಅದೇ ಫಲ ಕೊಟ್ಟಿವೆ ಅಂತ 2007ರಲ್ಲಿ ಗೊತ್ತಾಯಿತು.

ಈಗ ಹೇಳು, ಯಾವುದು ಮೊದಲು? ಟರ್ಕಿಯ ಕಡೆ ಸಿಕ್ಕ ಸುಮಾರು 9 ಸಾವಿರ ವರ್ಷ ಹಳೆಯ ಮಡಕೆ ಚೂರುಗಳಲ್ಲಿ ಹಾಲಿನ ಜಿಡ್ಡು ಅಂಟಿಕೊಂಡಿದೆ. ಯೂರೋಪಿನ ಹಳೆಯ ಮೂಳೆಗಳಲ್ಲಿ ಆ ಒಂದಕ್ಷರದ ಬದಲಾವಣೆ ಹೇರಳವಾಗಿ ಕಾಣುವುದು ಅಲ್ಲಿಂದ ಸಾವಿರಾರು ವರ್ಷ ಬಿಟ್ಟು. ಅಂದರೆ ದನ ಕಟ್ಟುವುದು, ಕರೆಯುವುದು, ಹುಳಿಸುವುದು ಇವೆಲ್ಲ ತಾಯಿ ಮಗಳಿಗೆ, ಅಪ್ಪ ಮಗನಿಗೆ ಕಲಿಸಿಕೊಟ್ಟ ವಿದ್ಯೆಗಳಾಗಿ ಮೊದಲು ನಡೆದವು. ಜೀನು ಹಿಂದಿನಿಂದ ಕುಂಟುತ್ತಾ ಬಂತು. ಕೊಟ್ಟಿಗೆ ಇಲ್ಲದ ಲೋಕದಲ್ಲಿ ಅಂಥ ಅಕ್ಷರ ಬದಲಾಗಿದ್ದರೂ ಯಾರಿಗೆ ಏನು ಲಾಭ? ವಿಕಾಸದಲ್ಲಿ ಜೀನೇ ಯಜಮಾನ ಅಂತ ನಾನು ಕಲಿಸಿದ ಪಾಠ ಇಲ್ಲಿ ತಲೆಕೆಳಗಾಯಿತು. ರೂಢಿ ಯಜಮಾನಿಕೆ ಮಾಡಿದೆ, ಜೀನು ಹೇಳಿದ ಹಾಗೆ ಕೇಳಿದೆ.

ಮನುಷ್ಯರ ಮಾತು ಬಿಡು ಅನ್ನುತ್ತೀಯೇನೋ. ಇಸ್ರೇಲಿನ ಪೈನ್ ತೋಪುಗಳಲ್ಲಿ ಕಪ್ಪಿಲಿಗಳು ಪೈನ್ ಕಾಯಿಯ ಬೀಜ ತಿಂದೇ ಬದುಕುತ್ತವೆ. ಕಾಯಿ ಮರದಷ್ಟು ಗಟ್ಟಿ. ಬುಡದಿಂದ ಶುರುಮಾಡಿ, ಸುತ್ತಿಕೊಂಡು ಹೋಗುವ ಸಾಲು ಹಿಡಿದು ಒಂದೊಂದೇ ಎಸಳು ಕಿತ್ತರೆ ಮಾತ್ರ ಬೀಜ ಸಿಗುತ್ತದೆ. ಅಡ್ಡಾದಿಡ್ಡಿ ಕಡಿದರೆ ದುಡಿಮೆ ದಂಡ. ಟೆಲ್ ಅವೀವಿನ ಜೋಸೆಫ್ ಟೆರ್ಕೆಲ್ ಮತ್ತು ರಾನ್ ಐಸ್ನರ್ ಮರಿಗಳನ್ನು ಅದಲುಬದಲು ಮಾಡಿ ನೋಡಿದರು. ವಿದ್ಯೆ ಬಲ್ಲ ತಾಯಿ ಸಾಕಿದರೆ ಅರಿಯದ ತಾಯಿಯ ಮರಿಯೂ ಕಲಿಯಿತು. ಬಲ್ಲವಳು ಹೆತ್ತ ಮರಿ ಅರಿಯದವಳ ಹತ್ತಿರ ಬೆಳೆದರೆ ಕಲಿಯಲಿಲ್ಲ. ಹೆತ್ತದ್ದಕ್ಕಲ್ಲ, ಸಾಕಿದ್ದಕ್ಕೆ ಬಂದ ಗುಣ. ಬೇರೆ ಆಹಾರವಿಲ್ಲದ ಆ ತೋಪಿನಲ್ಲಿ ಮುಂದೆ ಯಾವ ಹಲ್ಲು, ಯಾವ ದವಡೆ ಗೆಲ್ಲಬೇಕು ಅನ್ನುವುದನ್ನೂ ಈ ವಿದ್ಯೆಯೇ ತೀರ್ಮಾನಿಸಬಹುದು. ಇವಾ ಯಾಬ್ಲೊಂಕಾ ಮತ್ತು ಮೇರಿಯನ್ ಲ್ಯಾಂಬ್ 2005ರಲ್ಲಿ ಬರೆದ ಪುಸ್ತಕ ನಿಮ್ಮ ಲೈಬ್ರರಿಯಲ್ಲಿ ಇದ್ದರೆ ತೆಗೆದು ಓದು. ಜೀನು, ಜೀನಿನ ಮೇಲಿನ ಗುರುತು, ನಡವಳಿಕೆ, ಭಾಷೆಯಂಥ ಸಂಕೇತ ಅಂತ ಬಳುವಳಿಗೆ ನಾಲ್ಕು ದಾರಿ ಹೇಳುತ್ತಾರೆ.

ಆ ಎರಡನೇ ದಾರಿಯಲ್ಲಿ ಸ್ವಲ್ಪ ಹುಷಾರಾಗಿ ನಡೆ. ಗಿಡಗಳಲ್ಲಿ ಅದು ಗಟ್ಟಿ ಸಂಗತಿ. 1744ರಲ್ಲಿ ಲಿನ್ನೇಯಸ್ ವರ್ಣಿಸಿದ ಒಂದು ವಿಚಿತ್ರ ಹೂವಿತ್ತು, ಇಬ್ಬದಿ ಸಮನಾಗಿರಬೇಕಾದದ್ದು ಎಲ್ಲ ದಿಕ್ಕಿಗೂ ಒಂದೇ ಥರ ಅರಳಿತ್ತು. 1999ರಲ್ಲಿ ಎನ್ರಿಕೊ ಕೋಯೆನ್ ತಂಡ ನೋಡಿದರೆ ಜೀನಿನ ಅಕ್ಷರ ಕೆಟ್ಟಿಲ್ಲ. ಅದರ ಮೇಲೆ ಮೀಥೈಲ್ ಗುರುತುಗಳು ಕೂತು ಬಾಯಿ ಮುಚ್ಚಿಸಿವೆ, ಆ ಗುರುತು ಬೀಜದಲ್ಲೂ ದಾಟುತ್ತದೆ. ನಮ್ಮಲ್ಲಿ ಹಾಗಲ್ಲ. ಸಸ್ತನಿಗಳ ಭ್ರೂಣದಲ್ಲಿ ಇಂಥ ಗುರುತುಗಳನ್ನು ಬಹುಪಾಲು ಅಳಿಸಿ ಹೊಸದಾಗಿ ಬರೆಯಲಾಗುತ್ತದೆ. 1944–45ರ ಚಳಿಗಾಲದಲ್ಲಿ ಹಾಲೆಂಡಿನ ಕ್ಷಾಮದ ಹೊತ್ತಿಗೆ ಬಸಿರಲ್ಲಿ ಮೂಡಿದ ಮಕ್ಕಳ ಒಂದು ಜೀನಿನ ಮೇಲೆ ಅರವತ್ತು ವರ್ಷ ಕಳೆದರೂ ಗುರುತು ಕಡಿಮೆ ಇದ್ದದ್ದು ನಿಜ. ಆದರೆ ಅವರು ಆ ಹಸಿವನ್ನು ಬಸಿರಲ್ಲೇ ತಾವೇ ಉಂಡವರು, ಬಳುವಳಿಯಾಗಿ ಪಡೆದವರಲ್ಲ. ಅಜ್ಜಿಯ ದುಃಖ ಮೊಮ್ಮಗಳ ಜೀನಿನಲ್ಲಿ ಅಂತ ಪೇಪರಿನಲ್ಲಿ ಓದಿದಾಗೆಲ್ಲ ನನಗೆ ಕೆಂಪು ಪೆನ್ನು ಹುಡುಕುವ ಹಾಗಾಗುತ್ತದೆ.

ಲೆಕ್ಕ ಹಾಕು. 1974ರಲ್ಲಿ ನಿನ್ನಮ್ಮ ನನ್ನ ಹೊಟ್ಟೆಯಲ್ಲಿದ್ದಳು. ಕಾಮಾಲೆ ಬಂದು ತಿಂಗಳುಗಟ್ಟಲೆ ಗಂಜಿ, ಮಜ್ಜಿಗೆಯಲ್ಲೇ ಕಳೆದೆ. ಐದು ತಿಂಗಳಿಗೆ ಅವಳ ಪುಟ್ಟ ಅಂಡಾಶಯದಲ್ಲಿ ಮೊಟ್ಟೆಗಳು ಸಿದ್ಧವಾಗಿದ್ದವು, ನೀನಾಗಬೇಕಾದದ್ದೂ ಅವುಗಳಲ್ಲೇ ಇತ್ತು. ಆ ಮಜ್ಜಿಗೆ ಉಂಡವರು ಮೂವರು. ಹಾಗಾಗಿ ಏನಾದರೂ ನಿಜವಾಗಿ ದಾಟಿದೆಯೇ ಅಂತ ನೋಡಲು ನಿನ್ನನ್ನು ಪರೀಕ್ಷಿಸಿದರೆ ಸಾಲದು, ನಿನ್ನ ಮಗಳವರೆಗೆ ಕಾಯಬೇಕು. ಅಷ್ಟು ದಿನ ನಾನಿರುವುದಿಲ್ಲ ಬಿಡು. ಇದು ವಿಜ್ಞಾನದ ಎಚ್ಚರಿಕೆಯ ಮಾತು. ಆದರೂ ರಾತ್ರಿ ನಿದ್ದೆ ಬಾರದಾಗ ಈ ಲೆಕ್ಕ ನೆನೆದರೆ ಹಿತವಾಗುತ್ತದೆ.

ಈಗ ಬಟ್ಟೆಯ ವಿಷಯ. ಹೋದ ಸಲ ಡಬ್ಬಿಯಲ್ಲಿ ಒಯ್ದ ಹೆಪ್ಪು ಬಸ್ಸಿನ ಸೆಖೆಗೆ ಹುಳಿತು ಅಂದೆಯಲ್ಲ. ಈ ಬಟ್ಟೆಯನ್ನು ನಮ್ಮ ಮನೆ ಮೊಸರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದ್ದೇನೆ. ಪ್ಯಾಕೆಟ್ ಹಾಲು ಕುದಿಸಿ, ಉಗುರು ಬೆಚ್ಚಗೆ ಆರಿಸಿ, ರಾತ್ರಿ ಇದನ್ನು ಹಾಕಿಡು. ಮೊದಲ ದಿನ ಲೋಳೆ ಲೋಳೆಯಾಗಿ ಬರುತ್ತದೆ. ಅದರಲ್ಲಿ ಒಂದು ಚಮಚ ತೆಗೆದು ಮತ್ತೆ ಹೆಪ್ಪು ಹಾಕು, ಮೂರನೇ ಸಲಕ್ಕೆ ಗಟ್ಟಿಯಾದೀತು. ಬಟ್ಟೆ ಕೈಕೊಟ್ಟರೆ ಹಸಿಮೆಣಸಿನ ನಾಲ್ಕು ತೊಟ್ಟು ಹಾಕಿ ನೋಡು. ಹಾಲಿನ ಸಕ್ಕರೆಯಲ್ಲಿ ಒಂದಿಷ್ಟನ್ನು ಹೆಪ್ಪಿನ ಸೂಕ್ಷ್ಮಜೀವಿಗಳೇ ತಿಂದುಬಿಡುವುದರಿಂದ ನಿನ್ನ ಹೊಟ್ಟೆ ಇದಕ್ಕೆ ಅಷ್ಟು ತಕರಾರು ಮಾಡಲಿಕ್ಕಿಲ್ಲ. ನನ್ನಮ್ಮನ ಗಿಂಡಿಯ ಹೆಪ್ಪೇ ಇದು ಅಂತ ಆಣೆ ಮಾಡಲಾರೆ. ಲ್ಯಾಬಿನಲ್ಲಿ ನೋಡಿದರೆ ಅರ್ಧಕ್ಕರ್ಧ ಈ ಅಡುಗೆಮನೆಯ ಗಾಳಿಯಲ್ಲಿ ಸೇರಿಕೊಂಡವೇ ಇರಬಹುದು. ಮುರಿಯದೆ ನಡೆದು ಬಂದದ್ದು ದಿನಾ ರಾತ್ರಿ ಒಂದು ಚಮಚ ಎತ್ತಿಡುವ ಕೆಲಸ.

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಅಂತ ನನ್ನತ್ತೆ ಹೇಳುತ್ತಿದ್ದರು. ಪಕ್ಕದ ರೂಮಿನವಳು ಯಾವ ಹೊತ್ತಲ್ಲಿ ಕೇಳಿದರೂ ಕೊಡು, ನಾನೇನೂ ಅನ್ನುವುದಿಲ್ಲ.

ನಿನ್ನ,
ಅಮ್ಮಮ್ಮ