ಸ್ಪ್ರೇ ಹೊಡೆದ ಮೇಲೆ ಕಾಯಲೇಬೇಕು
ರೈಫಲ್ ಕಾಡತೂಸಿನ ಕೇಸ್‌ಗೆ ಜಿಡ್ಡು ಹಚ್ಚುವ ಸರಿಯಾದ ವಿಧಾನ

ಗುಂಡು ಹಾರಿದ ಮೇಲೆ ಹೊರಬೀಳುವ ಖಾಲಿ ಹಿತ್ತಾಳೆ ಕೇಸ್, ಬಂದೂಕಿನೊಳಗೆ ಹೋದಾಗ ಇದ್ದ ಅಳತೆಯಲ್ಲಿ ಇರುವುದಿಲ್ಲ. .308 ವಿಂಚೆಸ್ಟರ್‌ನಂಥ ರೈಫಲ್ ಕಾಡತೂಸಿನೊಳಗೆ ಒತ್ತಡ ಚದರ ಅಂಗುಲಕ್ಕೆ 60,000 ಪೌಂಡಿನ ಆಸುಪಾಸಿಗೆ ಏರುತ್ತದೆ. ಹಿತ್ತಾಳೆ ಉಬ್ಬಿ ಛೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಆಮೇಲೆ ತುಸುವೇ ಕುಗ್ಗಿ ಹೊರಬರುತ್ತದೆ. ಅದನ್ನೇ ಮತ್ತೆ ತುಂಬಿ ಬಳಸಬೇಕಾದರೆ ಮೊದಲು ಪ್ರೆಸ್ ಎಂಬ ಕೈಯಂತ್ರದಲ್ಲಿ ಕೂರಿಸಿದ ಉಕ್ಕಿನ ಸೈಜಿಂಗ್ ಡೈಯೊಳಗೆ ತೂರಿಸಿ ಹಿಂದಿನ ಅಳತೆಗೆ ಹಿಂಡಬೇಕು. ಆಗ ಹಿತ್ತಾಳೆಗೂ ಉಕ್ಕಿಗೂ ನಡುವೆ ಜಿಡ್ಡಿನ ತೆಳುಪದರ ಇಲ್ಲದಿದ್ದರೆ ಕೇಸ್ ಡೈಯೊಳಗೇ ಕಚ್ಚಿಕೊಳ್ಳುತ್ತದೆ. ಬಲ ಹಾಕಿ ಎಳೆದರೆ ತಳವನ್ನು ಹಿಡಿದಿರುವ ಶೆಲ್ ಹೋಲ್ಡರ್ ಕೇಸಿನ ಅಂಚನ್ನು ಕಿತ್ತುಕೊಂಡು ಕೆಳಗೆ ಬರುತ್ತದೆ. ಕೇಸ್ ಮಾತ್ರ ಒಳಗೇ ಉಳಿಯುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಗುರಿ ಹೊಡೆಯುವ ಹವ್ಯಾಸ ಇರುವವರು ಇದ್ದಾರೆ. ಅಲ್ಲಿ ಸ್ವಂತ ಬಳಕೆಗಾಗಿ ಕಾಡತೂಸು ತುಂಬಿಕೊಳ್ಳಲು ಫೆಡರಲ್ ಪರವಾನಗಿ ಬೇಕಿಲ್ಲ. ತುಂಬಿ ಮಾರುವುದಾದರೆ ಬೇಕು. ಭಾರತದ ಕಥೆ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಇಲ್ಲಿ ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಮನೆಯಲ್ಲಿ ತೋಟಾ ತಯಾರಿಸುವುದಕ್ಕೆ ಅದು ಅನ್ವಯಿಸದು. ಹಾಗಾಗಿ ಇಲ್ಲಿ ಬರೆದದ್ದು ಈ ಕೆಲಸಕ್ಕೆ ಕಾನೂನಿನ ಒಪ್ಪಿಗೆ ಇರುವ ಊರುಗಳಲ್ಲಿ ಇರುವವರಿಗೆ. ಮದ್ದಿನ ಪ್ರಮಾಣ, ಗುಂಡಿನ ತೂಕದ ವಿಚಾರಕ್ಕೆ ಇಲ್ಲಿ ಕೈಹಾಕುವುದಿಲ್ಲ. ಅದಕ್ಕೆ ಮುದ್ರಿತ ರೀಲೋಡಿಂಗ್ ಕೈಪಿಡಿಯೇ ಆಧಾರವಾಗಬೇಕು.

ಯಾವ ಕೇಸ್‌ಗೆ ಬೇಕು?

.38 ಸ್ಪೆಷಲ್, .45 ಎಸಿಪಿಯಂಥ ನೆಟ್ಟಗಿನ ಪಿಸ್ತೂಲ್ ಕೇಸ್‌ಗಳನ್ನು ಕಾರ್ಬೈಡ್ ಡೈಯಲ್ಲಿ ಜಿಡ್ಡಿಲ್ಲದೆಯೂ ಹಿಂಡಬಹುದು. ತುಸು ಜಿಡ್ಡಿದ್ದರೆ ಕೈಗೆ ಸಲೀಸು, ಅಷ್ಟೆ. .223 ರೆಮಿಂಗ್ಟನ್, .308, .30-06ರಂಥ ಕೊರಳು ಸಣ್ಣದಾದ ರೈಫಲ್ ಕೇಸ್‌ಗಳಿಗೆ ಜಿಡ್ಡು ಬೇಕೇ ಬೇಕು. ರೈಫಲ್‌ನ ಕಾರ್ಬೈಡ್ ಡೈ ಕೊಂಡುಕೊಂಡಿದ್ದರೂ ಈ ಮಾತು ಬದಲಾಗದು.

ಜಿಡ್ಡು ಹಚ್ಚಲು ಹಲವು ದಾರಿಗಳಿವೆ. ಬೆರಳಿನಿಂದ ಒಂದೊಂದಕ್ಕೂ ಸವರುವ ಇಂಪೀರಿಯಲ್ ಮೇಣ ಇದೆ, ಕೇಸ್ ಉರುಳಿಸುವ ಎಣ್ಣೆ ಪ್ಯಾಡ್ ಇದೆ. ಇಪ್ಪತ್ತು ಕೇಸ್‌ಗಳಿದ್ದರೆ ನನ್ನ ಮತ ಮೇಣಕ್ಕೇ. ನೂರಿನ್ನೂರು ಇದ್ದರೆ ಸ್ಪ್ರೇ ಅನುಕೂಲ. ಸ್ಪ್ರೇಯಲ್ಲೂ ಎರಡು ಬಗೆ. ಹಾರ್ನಡಿ ಒನ್ ಶಾಟ್‌ನಂಥದ್ದು ಗಾಳಿಯೊತ್ತಡದ ಡಬ್ಬಿ. ಡಿಲನ್ ಕಂಪನಿಯದು ಕೈಯಿಂದ ಒತ್ತುವ ಪಂಪ್ ಬಾಟಲಿ. ಅದರಲ್ಲಿರುವುದು ಆಲ್ಕೋಹಾಲಿನಲ್ಲಿ ಕರಗಿಸಿದ ಲ್ಯಾನೋಲಿನ್. ಒಂದು ಎಚ್ಚರಿಕೆ: ಒನ್ ಶಾಟ್ ಹೆಸರಿನಲ್ಲೇ ಬಂದೂಕು ಶುಚಿಗೊಳಿಸುವ ಸ್ಪ್ರೇಯೂ ಬರುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ ಕೇಸ್ ಲೂಬ್ ಎಂದೇ ಬರೆದಿದೆಯೇ ನೋಡಿ.

ಲ್ಯಾನೋಲಿನ್ ಎಂದರೆ ಕುರಿಯ ಉಣ್ಣೆಯ ಜಿಡ್ಡು. ಉಣ್ಣೆ ತೊಳೆದಾಗ ಬಿಡುವ ಈ ಮೇಣದಂಥ ಪದಾರ್ಥ ಎಷ್ಟು ಒತ್ತಿದರೂ ಲೋಹದ ಮೈ ಬಿಟ್ಟು ಬೇಗ ಸರಿದುಹೋಗದು. ಇದರ ಹೆಚ್ಚುಗಾರಿಕೆ ಇರುವುದು ಅಲ್ಲೇ. ಆದರೆ ಅಷ್ಟು ಗಟ್ಟಿಯಾದದ್ದನ್ನು ಹಾಗೇ ಸಿಂಪಡಿಸಲು ಬಾರದು. ಅದಕ್ಕೇ ಆಲ್ಕೋಹಾಲ್ ಬೆರೆಸುತ್ತಾರೆ. ನಳಿಕೆಯಿಂದ ಚಿಮ್ಮುವ ದ್ರವದಲ್ಲಿ ಬಹುಪಾಲು ಆಲ್ಕೋಹಾಲೇ. ಅದಕ್ಕೆ ಜಿಡ್ಡನ್ನು ಹೊತ್ತು ತರುವುದಷ್ಟೇ ಕೆಲಸ, ಡೈಯೊಳಗಿನ ತಿಕ್ಕಾಟ ತಡೆಯುವ ಶಕ್ತಿ ಇಲ್ಲ. ಅದು ಆರಿಹೋದ ಮೇಲೆ ಉಳಿಯುವ ಪದರವೇ ನಮಗೆ ಬೇಕಾದ ಜಿಡ್ಡು. ಸ್ಪ್ರೇ ಹೊಡೆದೂ ಕೇಸ್ ಕಚ್ಚಿಕೊಂಡಿತು ಎನ್ನುವವರಲ್ಲಿ ಬಹಳ ಮಂದಿ ಹಸಿ ಇರುವಾಗಲೇ ಪ್ರೆಸ್‌ಗೆ ಕೈಹಾಕಿರುತ್ತಾರೆ.

ಮೊದಲು ಕೇಸ್, ಡೈ ಎರಡೂ ಶುಚಿಯಾಗಲಿ

ಕೇಸ್‌ಗಳನ್ನು ಟಂಬ್ಲರ್ ಎಂಬ ಶುಚಿ ಮಾಡುವ ಯಂತ್ರದಲ್ಲಿ ಹಾಕಿ ಮಸಿ, ಮರಳು ತೆಗೆಯಿರಿ. ಒಂದು ಮರಳಿನ ಕಣ ಡೈಯೊಳಗೆ ಸೇರಿದರೆ ಅಲ್ಲಿಂದ ಮುಂದೆ ಪ್ರತಿ ಕೇಸಿನ ಮೇಲೂ ಗೀರು ಬೀಳುತ್ತದೆ. ಬಾಯಿ ಸೀಳಿದ್ದು, ತಳದ ಹತ್ತಿರ ಸುತ್ತಲೂ ಬೆಳ್ಳನೆ ಗೆರೆ ಮೂಡಿದ್ದು ಕಂಡರೆ ಆಗಲೇ ಬೇರೆ ತೆಗೆದು ಗುಜರಿಗೆ ಹಾಕಿ. ನೀರಿನಲ್ಲಿ ತೊಳೆದಿದ್ದರೆ ಒಳಗೂ ಹೊರಗೂ ಪೂರ್ತಿ ಒಣಗಬೇಕು. ಸ್ಟೀಲ್ ಪಿನ್ ಹಾಕಿ ತೊಳೆದ ಕೇಸ್‌ಗಳು ಥಳಥಳ ಹೊಳೆಯುತ್ತವೆ ನಿಜ, ಆದರೆ ಕೊರಳಿನೊಳಗಿನ ಮಸಿಯ ಪದರವೂ ಹೋಗಿರುತ್ತದೆ. ಆ ಮಸಿಯೇ ಅಲ್ಲಿ ಜಾರಿಕೆ ಕೊಡುತ್ತಿತ್ತು. ಅಂಥ ಕೇಸ್‌ಗಳ ಕೊರಳೊಳಗೆ ಜಿಡ್ಡು ತಪ್ಪದೆ ಬೀಳಬೇಕು.

ಹೊಸ ಡೈಗೆ ತುಕ್ಕು ಹಿಡಿಯದಂತೆ ಕಾರ್ಖಾನೆಯಲ್ಲಿ ಎಣ್ಣೆ ಬಳಿದಿರುತ್ತಾರೆ, ಹಳೆಯದರಲ್ಲಿ ಬೇರೆ ಜಿಡ್ಡು ಉಳಿದಿರಬಹುದು. ಒರೆಸಿ ತೆಗೆಯಿರಿ. ಒನ್ ಶಾಟ್ ಬಳಸುವವರು ಡೈಯೊಳಗೂ ಅದನ್ನೇ ಒಮ್ಮೆ ಸಿಂಪಡಿಸಿ ಆರಲು ಬಿಡಬೇಕು. ಈ ಹೆಜ್ಜೆಯನ್ನು ಬಿಟ್ಟುಬಿಡುವವರೇ ಜಾಸ್ತಿ.

ಸಿಂಪಡಿಸುವುದು

ಬಾಗಿಲು, ಕಿಟಕಿ ತೆರೆದಿಡಿ. ಆವಿ ಬೇಗ ಬೆಂಕಿ ಹಿಡಿಯುತ್ತದೆ. ಸಿಗರೇಟು, ಹೀಟರು, ಕಿಡಿ ಹಾರುವ ಉಪಕರಣ ಯಾವುದೂ ಹತ್ತಿರ ಬೇಡ. ಮದ್ದು ಮತ್ತು ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರ್ ಡಬ್ಬಿಗಳು ಈ ಹೊತ್ತಿನಲ್ಲಿ ಬೆಂಚಿನ ಮೇಲೆ ಇರಲೇಬಾರದು.

ಕೇಸ್‌ಗಳನ್ನು ಮನೆಗಳಿರುವ ಲೋಡಿಂಗ್ ಬ್ಲಾಕಿನಲ್ಲಿ ಬಾಯಿ ಮೇಲಾಗಿ ನಿಲ್ಲಿಸಿದ್ದರೆ ಡಬ್ಬಿಯನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು ನಾಲ್ಕೂ ಕಡೆಯಿಂದ ಒಂದೊಂದು ಸಲ ಸಿಂಪಡಿಸಿ. ಓರೆಯಾಗಿ ಹಿಡಿಯುವುದಕ್ಕೆ ಕಾರಣ ಇದೆ. ಹಾಗೆ ಹಿಡಿದರೆ ಮೈಗೂ ತಾಗುತ್ತದೆ, ಒಂದಷ್ಟು ಬಾಯಿಯೊಳಗೂ ಬೀಳುತ್ತದೆ. ಡೈಯ ನಡುವಿನ ಕಡ್ಡಿಯಲ್ಲಿ ಇರುವ ಗುಂಡನೆಯ ಎಕ್ಸ್‌ಪಾಂಡರ್ ಕೇಸ್ ಹೊರಬರುವಾಗ ಕೊರಳನ್ನು ಒಳಗಿನಿಂದ ಹಿಗ್ಗಿಸುತ್ತದೆ. ಅಲ್ಲಿ ಜಿಡ್ಡಿಲ್ಲದಿದ್ದರೆ ಕೀರಲು ಸದ್ದು ಬರುತ್ತದೆ, ಕೊರಳು ಜಗ್ಗಿ ಉದ್ದವಾಗುತ್ತದೆ. ಕೇಸ್‌ಗಳು ಒತ್ತೊತ್ತಾಗಿ ನಿಂತಿದ್ದರೆ ನಡುಸಾಲಿನವುಗಳ ಬುಡಕ್ಕೆ ಸ್ಪ್ರೇ ತಲುಪದು. ಅತಿ ಹೆಚ್ಚು ಹಿಂಡಿಸಿಕೊಳ್ಳುವುದು ಬುಡವೇ. ಹಾಗಾಗಿ ಒಂದು ಮನೆ ಬಿಟ್ಟು ಒಂದರಲ್ಲಿ ನಿಲ್ಲಿಸುವುದು ಒಳ್ಳೆಯದು.

ಪಂಪ್ ಬಾಟಲಿಯಾದರೆ ಅಗಲವಾದ ಟ್ರೇ ಅಥವಾ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲ ಸಾಕು. ನೂರು ಕೇಸ್ ಸುರಿದು ನಾಲ್ಕೈದು ಸಲ ಒತ್ತಿ, ಚೀಲವನ್ನು ಅತ್ತಿತ್ತ ಉರುಳಿಸಿ, ಮತ್ತೆ ಒಂದೆರಡು ಸಲ ಒತ್ತಿ. ಆಮೇಲೆ ಟ್ರೇಗೆ ಸುರಿದು ಹರಡಿ. ಬಾಯಿ ಕಟ್ಟಿದ ಚೀಲದಲ್ಲೇ ಬಿಟ್ಟರೆ ಆಲ್ಕೋಹಾಲ್ ಹೋಗುವುದಾದರೂ ಎಲ್ಲಿಗೆ?

ಲ್ಯಾನೋಲಿನ್ ಮಿಶ್ರಣ ಆರಲು ಐದರಿಂದ ಹತ್ತು ನಿಮಿಷ ಬೇಕು. ಚಳಿಯಲ್ಲಿ ಇನ್ನೂ ಹೆಚ್ಚು. ಡಬ್ಬಿಯ ಸ್ಪ್ರೇ ಬೇಗ ಆರಿದರೂ ಅದರ ಮೇಲೆ ಬರೆದ ಸಮಯಕ್ಕಿಂತ ತುಸು ಹೆಚ್ಚೇ ಕೊಡಿ. ಗಡಿಯಾರಕ್ಕಿಂತ ಬೆರಳನ್ನು ನಂಬುವುದು ಮೇಲು. ಒಂದು ಕೇಸ್ ಎತ್ತಿ ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ. ತಣ್ಣಗೆ, ಒದ್ದೆಯಾಗಿ ಜಾರಿದರೆ ಇನ್ನೂ ಆರಿಲ್ಲ. ಬೆರಳಿಗೆ ಸಣ್ಣಗೆ ಅಂಟಿದಂತಾಗಿ, ಬಿಡಿಸಿದಾಗ ಚರ್ಮದ ಮೇಲೆ ಮೇಣ ಸವರಿದಂತೆ ಮಿರುಗು ಉಳಿದರೆ ಸಿದ್ಧ.

ಮನೆಯಲ್ಲೇ ಬೆರೆಸಿಕೊಳ್ಳುವವರು ಒಂದು ಪಾಲು ದ್ರವ ಲ್ಯಾನೋಲಿನ್‌ಗೆ ಹತ್ತರಿಂದ ಹನ್ನೆರಡು ಪಾಲು 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕುತ್ತಾರೆ. ಔಷಧಿ ಅಂಗಡಿಯ 70%ರದ್ದು ಬೇಡ. ಅದರಲ್ಲಿ ನೀರಿನ ಅಂಶ ಹೆಚ್ಚು, ಲ್ಯಾನೋಲಿನ್ ಸರಿಯಾಗಿ ಬೆರೆಯದು. ಬೆರೆಸುವ ಮೊದಲು ಲ್ಯಾನೋಲಿನ್ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟರೆ ತೆಳುವಾಗುತ್ತದೆ. ಒಲೆಯ ಹತ್ತಿರ ಈ ಕೆಲಸ ಬೇಡ. ಪ್ರತಿ ಸಲ ಬಳಸುವ ಮೊದಲು ಬಾಟಲಿಯನ್ನು ಚೆನ್ನಾಗಿ ಕುಲುಕಿ. ಉಣ್ಣೆ ಒಗ್ಗದ ಚರ್ಮದವರು ಕೈಗವಸು ಹಾಕಿಕೊಳ್ಳಲಿ. ಡಬ್ಲ್ಯುಡಿ-40ರಂಥ ತೆಳು ಎಣ್ಣೆ ಇದಕ್ಕೆ ಬದಲಿಯಾಗದು. ಅದು ಈ ಒತ್ತಡಕ್ಕೆ ನಿಲ್ಲುವುದಿಲ್ಲ.

ಪ್ರೆಸ್‌ನ ಹಿಡಿ ಹೇಳುವುದನ್ನು ಕೇಳಿ

ಮೊದಲ ಎರಡು ಮೂರು ಕೇಸ್‌ಗಳನ್ನು ನಿಧಾನವಾಗಿ ತೂರಿಸಿ. ಶುಚಿ ಮಾಡಿದ ಡೈಯ ಒಳಮೈಗೆ ಇನ್ನೂ ಸಾಕಷ್ಟು ಜಿಡ್ಡು ಹತ್ತಿರುವುದಿಲ್ಲ, ಕಚ್ಚಿಕೊಳ್ಳುವ ಭಯ ಹೆಚ್ಚಿರುವುದು ಆಗಲೇ. ಇವಕ್ಕೆ ಬೆರಳಿನಿಂದ ತುಸು ಹೆಚ್ಚು ಜಿಡ್ಡು ಸವರುವುದು ಅನುಭವಿಗಳ ರೂಢಿ. ಹಿಡಿ ಒಂದೇ ಸಮನೆ, ಮೆತ್ತಗೆ ಇಳಿಯಬೇಕು. ಅರ್ಧದಲ್ಲಿ ಒಮ್ಮೆಗೇ ಬಿಗಿಯಾದರೆ ಮುಂದೆ ಒತ್ತಬೇಡಿ. ಹಿಂದಕ್ಕೆ ತೆಗೆದು, ಜಿಡ್ಡು ಹಚ್ಚಿ, ಮತ್ತೆ ಹಾಕಿ. ಹೇಗೋ ಒಳಗೆ ಹೋಗಲಿ ಎಂದು ಎರಡೂ ಕೈಯಿಂದ ಒತ್ತಿದರೆ ಹೋಗುತ್ತದೆ, ಆದರೆ ಹೊರಗೆ ಬರುವುದಿಲ್ಲ.

ಜಿಡ್ಡು ಅತಿಯಾದರೂ ತೊಂದರೆಯೇ. ದ್ರವ ಹಿಂಡಿದರೂ ಕುಗ್ಗುವುದಿಲ್ಲ. ಕೊರಳ ಕೆಳಗಿನ ಭುಜದ ಬಳಿ ಸೇರಿಕೊಂಡ ಜಿಡ್ಡಿಗೆ ಹೋಗಲು ಜಾಗ ಸಿಗದೆ ಹಿತ್ತಾಳೆಯೇ ಒಳಕ್ಕೆ ತಗ್ಗುತ್ತದೆ. ಸಣ್ಣ ತಗ್ಗು ಮುಂದಿನ ಸಲ ಗುಂಡು ಹಾರಿಸಿದಾಗ ತಾನೇ ಸರಿಹೋಗುತ್ತದೆ. ಮಡಚಿದಂತೆ ಚೂಪಾದ ತಗ್ಗಿದ್ದರೆ ಆ ಕೇಸ್ ಬೇಡ. ತಗ್ಗು ಕಾಣತೊಡಗಿದ ಕೂಡಲೇ ಡೈ ಬಿಚ್ಚಿ ಒರೆಸಿ, ಗಾಳಿ ಹೋಗುವ ಸಣ್ಣ ತೂತು ಕಟ್ಟಿದೆಯೇ ನೋಡಿ.

ಇಷ್ಟಾದರೂ ಕೇಸ್ ಕಚ್ಚಿಕೊಂಡರೆ ಸುತ್ತಿಗೆ ಎತ್ತಿಕೊಳ್ಳಬೇಡಿ. ಡೈಯ ನಡುವಿನ, ಹಳೆಯ ಪ್ರೈಮರ್ ಹೊರದೂಡುವ ಡಿಕ್ಯಾಪಿಂಗ್ ಕಡ್ಡಿಯನ್ನು ಆದಷ್ಟು ಮೇಲಕ್ಕೆ ತಿರುಗಿಸಿ, ಕೇಸಿನ ತಳದ ನಡುವೆ ಡ್ರಿಲ್ ಕೊರೆದು, ಟ್ಯಾಪ್‌ನಿಂದ ತಿರುಪಿನ ಗೆರೆ ಕೊರೆದು, ಬೋಲ್ಟ್ ಬಿಗಿದು ಎಳೆಯಬೇಕು. ಇದಕ್ಕಾಗಿಯೇ ಸಿಗುವ ಆರ್‌ಸಿಬಿಎಸ್ ಕಿಟ್‌ನಲ್ಲಿ 7ನೇ ನಂಬರಿನ ಡ್ರಿಲ್ ಬಿಟ್, ಕಾಲು ಅಂಗುಲದ ಟ್ಯಾಪ್ ಎರಡೂ ಇರುತ್ತವೆ. ಸಿಡಿಯದ ಪ್ರೈಮರ್ ಒಳಗೇ ಉಳಿದ ಕೇಸ್ ಆಗಿದ್ದರೆ ಡ್ರಿಲ್ ಮುಟ್ಟಿಸಲೇಬೇಡಿ. ಡೈಯನ್ನು ತಯಾರಕರಿಗೆ ಕಳಿಸುವುದಾದರೂ ಒಳಗೇನಿದೆ ಎಂದು ಮೊದಲೇ ತಿಳಿಸಿ ಕೇಳಬೇಕು.

ಜಿಡ್ಡು ತೆಗೆಯುವುದು

ಸೈಜಿಂಗ್ ಮುಗಿದ ಕೂಡಲೇ ಪ್ರೈಮರ್ ಕೂರಿಸಲು ಹೊರಡಬೇಡಿ. ಕೊರಳೊಳಗಿನ ಜಿಡ್ಡು ಮದ್ದಿಗೂ ಪ್ರೈಮರ್‌ಗೂ ತಾಗಿದರೆ ಗುಂಡು ಹಾರದೇ ಇರಬಹುದು. ಹೊರಮೈ ಜಿಡ್ಡಾಗಿಯೇ ಉಳಿದರೆ ಕೇಸ್ ಛೇಂಬರಿನ ಗೋಡೆಯನ್ನು ಹಿಡಿದುಕೊಳ್ಳುವುದಿಲ್ಲ, ಹಿಂದಕ್ಕೆ ನೂಕುವ ಬಲ ಬಂದೂಕಿನ ಬೋಲ್ಟಿನ ಮೇಲೆ ಹೆಚ್ಚು ಬೀಳುತ್ತದೆ. ಕೆಲವು ಸ್ಪ್ರೇಗಳ ಡಬ್ಬಿಯ ಮೇಲೆ ಒರೆಸಬೇಕಿಲ್ಲ ಎಂದು ಬರೆದಿರುತ್ತದೆ. ನಾನು ಆಗಲೂ ತೆಗೆದೇ ಮುಂದುವರಿಯಿರಿ ಎನ್ನುತ್ತೇನೆ. ಖಾಲಿ ಕೇಸ್‌ಗಳನ್ನು ಮೆಕ್ಕೆಜೋಳದ ದಿಂಡಿನ ಪುಡಿಯ ಜತೆ ಟಂಬ್ಲರ್‌ನಲ್ಲಿ ಹದಿನೈದು ಇಪ್ಪತ್ತು ನಿಮಿಷ ತಿರುಗಿಸಿದರೆ ಸಾಕು. ಕೆಲವೇ ಕೇಸ್‌ಗಳಿದ್ದರೆ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒಂದೊಂದನ್ನೇ ಒರೆಸಬಹುದು.

ಆ ಪುಡಿಯ ಕಣ ಪ್ರೈಮರ್‌ನ ಕಿಡಿ ದಾಟುವ, ಕೇಸಿನ ತಳದ ಫ್ಲ್ಯಾಶ್ ಹೋಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಕಟ್ಟಿದ್ದರೆ ಸಣ್ಣ ಕಡ್ಡಿಯಿಂದ ಚುಚ್ಚಿ ತೆಗೆಯಿರಿ. ಉದ್ದ ಅಳೆಯುವುದೂ ಈಗಲೇ, ಹಿಂಡಿಸಿಕೊಂಡ ಕೇಸ್ ಉದ್ದವಾಗಿರುತ್ತದೆ. .223ಕ್ಕೆ 1.760 ಅಂಗುಲ, .308ಕ್ಕೆ 2.015 ಅಂಗುಲ ಮಿತಿ. ದಾಟಿದ್ದನ್ನು ಕತ್ತರಿಸಿ 1.750ಕ್ಕೂ 2.005ಕ್ಕೂ ತರಬೇಕು.

ಟಂಬ್ಲರ್‌ನ ಧೂಳಿನಲ್ಲೂ ಹಳೆಯ ಪ್ರೈಮರ್‌ನ ಮಸಿಯಲ್ಲೂ ಸೀಸ ಇರುತ್ತದೆ. ಜಿಡ್ಡಾದ ಕೈಗೆ ಅದು ಇನ್ನೂ ಚೆನ್ನಾಗಿ ಅಂಟುತ್ತದೆ. ಮಕ್ಕಳನ್ನು ಎತ್ತಿಕೊಳ್ಳುವ ಮೊದಲು, ಊಟಕ್ಕೆ ಕೂರುವ ಮೊದಲು ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಳ್ಳಿ. ಟಂಬ್ಲರ್‌ನ ಪುಡಿಯನ್ನು ಮನೆಯೊಳಗೆ ಜರಡಿ ಹಿಡಿಯಬೇಡಿ.