ದಂಡಿನಿಂದ ಹಿಮದೆಡೆಗೆ

ಬೆಂಗಳೂರಿನ ಪೂರ್ವಭಾಗವನ್ನು ಹಳಬರು ‘ದಂಡು’ ಎಂದು ಕರೆಯುವುದುಂಟು. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ತಮ್ಮ ಸೈನ್ಯದ ಬೀಡನ್ನು ಸ್ಥಾಪಿಸಿದ ಕಾರಣದಿಂದ ಆ ಪ್ರದೇಶಕ್ಕೆ ಈ ಹೆಸರು ನಿಂತಿತು. 1864ರಲ್ಲಿ ಜೋಲಾರಪೇಟೆಯಿಂದ ಇಲ್ಲಿಗೆ ಉಗಿಬಂಡಿಯ ದಾರಿ ಸಿದ್ಧವಾಯಿತು. ಅಂದಿನಿಂದ ದಂಡಿನ ರೈಲು ನಿಲ್ದಾಣವು ಎಷ್ಟೋ ಪ್ರಯಾಣಗಳ ಮೊದಲ ಮೆಟ್ಟಿಲಾಗಿದೆ. ಇಂತಹ ಊರಿನಿಂದ ಹಿಮದ ಇಳಿಜಾರುಗಳಲ್ಲಿ ಜಾರುವ ಆಟವನ್ನು ಕಲಿಯಲು ಒಂದು ತಂಡ ಹೊರಡುವುದೆಂದರೆ ಮೊದಲಿಗೆ ನಗೆ ಬರಬಹುದು. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆಯೇ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ. ನೀರು ತಾನಾಗಿ ಹೆಪ್ಪುಗಟ್ಟುವುದನ್ನು ಇಲ್ಲಿನವರು ಕಂಡರಿಯರು. ಆದರೂ ದಂಡಿಗೂ ಹಿಮಕ್ಕೂ ಇರುವ ನಂಟು ಹೊಸದಲ್ಲ.

ಹಲಸೂರು ಕೆರೆಯ ಸಮೀಪದಲ್ಲಿ ಮದರಾಸು ಎಂಜಿನಿಯರ್ ದಳದ ಕೇಂದ್ರವಿದೆ. 1780ರಲ್ಲಿ ಹುಟ್ಟಿದ ಈ ದಳದ ಯೋಧರನ್ನು ‘ಸ್ಯಾಪರ್’ಗಳೆಂದು ಕರೆಯುತ್ತಾರೆ. ಸೈನ್ಯವು ಮುನ್ನಡೆಯಲು ರಸ್ತೆಯನ್ನು ಕಡಿಯುವುದು, ಸೇತುವೆಯನ್ನು ಕಟ್ಟುವುದು, ಅಡ್ಡಿಗಳನ್ನು ತೆಗೆಯುವುದು ಇವರ ಕೆಲಸ. ದಕ್ಷಿಣದ ಬೆಚ್ಚನೆಯ ಊರುಗಳಿಂದ ಬಂದ ಈ ಯೋಧರಿಗೆ 1948ರಲ್ಲಿ ಕಾಶ್ಮೀರದ ಜೋಜಿ ಲಾ ಕಣಿವೆಮಾರ್ಗದಲ್ಲಿ ಒಂದು ಕಠಿಣ ಕಾರ್ಯ ಒದಗಿತು. ಸುಮಾರು 3,500 ಮೀಟರ್ ಎತ್ತರದ ಆ ಮಾರ್ಗವನ್ನು ಶತ್ರುಗಳು ಹಿಡಿದಿದ್ದರು. ಆ ವರ್ಷದ ಸೆಪ್ಟೆಂಬರಿನಲ್ಲಿ ನಡೆದ ದಾಳಿಗಳು ಫಲಿಸಲಿಲ್ಲ. ಕೊಡಗಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿಯೂ ಓದಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು ಅಲ್ಲಿನ ಸೇನಾವಿಭಾಗದ ನಾಯಕರಾಗಿದ್ದರು. ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಒಯ್ಯಬೇಕೆಂದು ಅವರು ನಿಶ್ಚಯಿಸಿದರು.

ಆದರೆ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದುದು ಹೇಸರಗತ್ತೆಗಳು ನಡೆಯುವ ಕಿರುದಾರಿ ಮಾತ್ರ. ಮದರಾಸು ಸ್ಯಾಪರ್‌ಗಳು ಚಳಿಯನ್ನೂ ಗುಂಡಿನ ಭಯವನ್ನೂ ಸಹಿಸಿ ಅದನ್ನು ಟ್ಯಾಂಕುಗಳು ಏರಬಲ್ಲ ದಾರಿಯನ್ನಾಗಿ ಮಾಡಿದರು. ಟ್ಯಾಂಕುಗಳ ಮೇಲ್ಭಾಗದ ಗೋಪುರಗಳನ್ನು ಕಳಚಿ, ಶತ್ರುವಿಗೆ ಸುಳಿವು ಸಿಗದಂತೆ ಸಾಗಿಸಲಾಯಿತು. 1948ರ ನವೆಂಬರ್ 1ರಂದು ಟ್ಯಾಂಕುಗಳು ಜೋಜಿ ಲಾವನ್ನು ಹೊಕ್ಕವು. ಮುಂಚೂಣಿಯ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯನವರೇ ಇದ್ದರು. ಮಾರ್ಗವು ವಶವಾಯಿತು, ಲಡಾಖಿಗೆ ಹೋಗುವ ದಾರಿ ತೆರೆಯಿತು. ಅದೇ ವರ್ಷ ಗುಲ್ಮಾರ್ಗ್‌ನಲ್ಲಿ ಆ ಸೇನಾವಿಭಾಗದ ಸ್ಕೀ ಶಾಲೆಯೊಂದು ಆರಂಭವಾಯಿತು. ಅದೇ ಮುಂದೆ ಬೆಳೆದು ಎತ್ತರ ಪ್ರದೇಶದ ಯುದ್ಧಶಿಕ್ಷಣ ನೀಡುವ ಪ್ರಸಿದ್ಧ ಶಾಲೆಯಾಯಿತು. ಜೋಜಿ ಲಾದ ಗೆಲುವಿನಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಟ್ಯಾಂಕು. ಆದರೆ ಟ್ಯಾಂಕಿಗಿಂತ ಮೊದಲು ದಾರಿ ಸಿದ್ಧವಾಗಿತ್ತೆಂಬುದನ್ನು ಮರೆಯಲಾಗದು. ಹಿಮದ ನಾಡಿಗೆ ಹೊರಡುವ ಯಾವ ತಂಡಕ್ಕೂ ಇದೇ ಮೊದಲ ಪಾಠ.

ಮರದ ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಸಂಚರಿಸುವ ಪದ್ಧತಿ ಉತ್ತರ ಯುರೋಪಿನಲ್ಲಿಯೂ ಏಷ್ಯದಲ್ಲಿಯೂ ಬಹು ಪ್ರಾಚೀನವಾದುದು. ಅದು ಜನಪ್ರಿಯವಾದ ಕ್ರೀಡೆಯಾಗಿ ಬೆಳೆದುದಕ್ಕೆ ಆಲ್ಪ್ಸ್ ಪರ್ವತಗಳೂ ಅಲ್ಲಿನ ರೈಲುಗಳೂ ಬಹುಮಟ್ಟಿಗೆ ಕಾರಣ. ಗೊಟ್ಟಾರ್ಡ್ ಸುರಂಗದ ಮೂಲಕ 1882ರಲ್ಲಿಯೇ ರೈಲು ಓಡಿತು. 1912ರಲ್ಲಿ ಸ್ವಿಟ್ಜರ್ಲೆಂಡಿನವರು 3,454 ಮೀಟರ್ ಎತ್ತರದಲ್ಲಿ ಒಂದು ರೈಲು ನಿಲ್ದಾಣವನ್ನೇ ತೆರೆದರು. ಹಿಮಾಲಯಕ್ಕೆ ಈ ಸೌಲಭ್ಯ ಬರಲು ಬಹಳ ಕಾಲ ಹಿಡಿಯಿತು. 2013ರಲ್ಲಿ ಪೀರ್ ಪಂಜಾಲ್ ಪರ್ವತವನ್ನು ಕೊರೆದು 11 ಕಿಲೋಮೀಟರಿಗೂ ಉದ್ದವಾದ ಸುರಂಗ ಸಿದ್ಧವಾಯಿತು. 2025ರ ಜೂನ್ ತಿಂಗಳಲ್ಲಿ, ನದಿಯ ತಳದಿಂದ 359 ಮೀಟರ್ ಎತ್ತರದಲ್ಲಿರುವ ಚೆನಾಬ್ ಸೇತುವೆಯ ಮೇಲೆ ರೈಲು ಸಂಚಾರ ಆರಂಭವಾಗಿ, ಉಧಂಪುರದಿಂದ ಶ್ರೀನಗರದ ಮೂಲಕ ಬಾರಾಮುಲ್ಲಾವರೆಗಿನ 272 ಕಿಲೋಮೀಟರ್ ದಾರಿ ಪೂರ್ಣಗೊಂಡಿತು. ಹೀಗಾಗಿ ಬೆಂಗಳೂರಿನಲ್ಲಿ ರೈಲು ಹತ್ತಿದವರು ರೈಲಿನಲ್ಲಿಯೇ ಶ್ರೀನಗರವನ್ನು ಸೇರುವುದು ಈಗ ಸಾಧ್ಯವಾಗಿದೆ.

ಹಲಸೂರು, ಶಿವಾಜಿನಗರ, ಇಂದಿರಾನಗರ, ಕೃಷ್ಣರಾಜಪುರಗಳಿಂದ ಇಪ್ಪತ್ತು ಮಂದಿ ಯುವಕ ಯುವತಿಯರು ಗುಲ್ಮಾರ್ಗ್‌ಗೆ ಹೊರಡುವರೆಂದು ಊಹಿಸಿಕೊಳ್ಳಬಹುದು. ಅವರಲ್ಲಿ ಕೆಲವರು ಕಾಲೇಜಿನಲ್ಲಿ ಓದುವವರು, ಕೆಲವರು ಕಾರ್ಖಾನೆಯಲ್ಲಿ ದುಡಿಯುವವರು, ಕೆಲವರು ಕಚೇರಿಯ ನೌಕರರು. ಅವರ ಮುಂದಿನ ಮೊದಲನೆಯ ಪ್ರಶ್ನೆ ಕಾಲವನ್ನು ಕುರಿತದ್ದು. ಶಾಲಾ ಕಾಲೇಜುಗಳಿಗೆ ರಜೆ ಬರುವ ಅಕ್ಟೋಬರಿನಲ್ಲಿ ಗುಲ್ಮಾರ್ಗ್ ಹುಲ್ಲುಗಾವಲಾಗಿರುತ್ತದೆ. ಡಿಸೆಂಬರ್ 21ರ ಸುಮಾರಿಗೆ ಕಾಶ್ಮೀರದಲ್ಲಿ ‘ಚಿಲ್ಲೈ ಕಲಾನ್’ ಎಂಬ ನಲವತ್ತು ದಿನಗಳ ಕಡುಚಳಿ ಮೊದಲಾಗುತ್ತದೆ. ಜನವರಿ, ಫೆಬ್ರವರಿಗಳಲ್ಲಿ ಹಿಮ ದಟ್ಟವಾಗಿರುತ್ತದೆ. ಹಿಮವಿರುವಾಗ ರಜೆಯಿಲ್ಲ, ರಜೆಯಿರುವಾಗ ಹಿಮವಿಲ್ಲ. ಆದುದರಿಂದ ಪ್ರತಿಯೊಬ್ಬರೂ ಪರೀಕ್ಷೆಯ ದಿನಗಳನ್ನೂ ರಜೆಯ ಲೆಕ್ಕವನ್ನೂ ತಿಂಗಳುಗಳ ಮೊದಲೇ ನೋಡಿಕೊಂಡು ಎಲ್ಲರಿಗೂ ಒಪ್ಪುವ ದಿನವನ್ನು ಗೊತ್ತುಪಡಿಸಬೇಕು.

ಎರಡನೆಯದು ದಾರಿಯ ಲೆಕ್ಕ. ಬೆಂಗಳೂರಿನಿಂದ ದೆಹಲಿಗೆ ರೈಲು ದಾರಿ ಸುಮಾರು 2,400 ಕಿಲೋಮೀಟರ್. ಸಂಜೆ ಹೊರಟ ರೈಲು ಮೂರನೆಯ ದಿನ ದೆಹಲಿಯನ್ನು ಮುಟ್ಟುತ್ತದೆ. ಕೂಡಲೇ ಮತ್ತೊಂದು ರೈಲನ್ನು ಹಿಡಿದರೆ ಒಂದು ದಿನ ಉಳಿಯುವುದಲ್ಲವೇ ಎಂದು ಅವಸರದವರು ಕೇಳಬಹುದು. ಆದರೆ ಜನವರಿಯಲ್ಲಿ ಉತ್ತರ ಭಾರತದ ಬಯಲಿನಲ್ಲಿ ಮಂಜು ಕವಿಯುತ್ತದೆ. ರೈಲುಗಳು ಗಂಟೆಗಟ್ಟಲೆ ತಡವಾಗುವುದು ಸಾಮಾನ್ಯ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಇಪ್ಪತ್ತು ಮಂದಿಗೆ ಹೊಸದಾಗಿ ಸ್ಥಳ ದೊರಕಿಸುವುದು ಬಹಳ ಕಷ್ಟ. ಆದುದರಿಂದ ದೆಹಲಿಯಲ್ಲಿ ಒಂದು ರಾತ್ರಿ ತಂಗಿ, ನಾಲ್ಕನೆಯ ದಿನ ಸಂಜೆ ಹೊರಟು, ಐದನೆಯ ದಿನ ಬೆಳಗ್ಗೆ ಕತ್ರಾವನ್ನೂ ಅಂದೇ ಶ್ರೀನಗರವನ್ನೂ ಸೇರುವುದು ವಿವೇಕ. ಅಲ್ಲಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್. ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಹಿಮದ ಏರುದಾರಿ. ಆರನೆಯ ದಿನ ತಂಡವು ಗುರಿಯನ್ನು ಮುಟ್ಟುತ್ತದೆ. ನಡುವೆ ಬಿಟ್ಟ ಒಂದು ದಿನ ವ್ಯರ್ಥವಾದ ದಿನವಲ್ಲ. ಅದು ಉಳಿದ ದಿನಗಳಿಗೆ ಕಟ್ಟಿದ ಬೇಲಿ.

ಟಿಕೆಟ್ಟಿನ ವಿಷಯದಲ್ಲಿಯೂ ಯೋಚನೆ ಬೇಕು. ಈಗಿನ ನಿಯಮದಂತೆ ಪ್ರಯಾಣಕ್ಕೆ 60 ದಿನಗಳ ಮೊದಲು ಮುಂಗಡ ಕಾಯ್ದಿರಿಸುವಿಕೆ ತೆರೆಯುತ್ತದೆ. ನಿಲ್ದಾಣದ ಕಿಟಕಿಯಲ್ಲಿ ಒಂದು ಅರ್ಜಿಯಲ್ಲಿ ಆರು ಮಂದಿಯ ಹೆಸರನ್ನು ಮಾತ್ರ ಬರೆಯಬಹುದು. ಆರಾರು ಮಂದಿಯ ಮೂರು ಅರ್ಜಿಗಳನ್ನು ಮಾಡಿದರೆ ಕೊನೆಯಲ್ಲಿ ಇಬ್ಬರು ಬೇರೆಯಾಗಿ ಉಳಿಯುತ್ತಾರೆ. ಅವರ ಹೆಸರು ನಿರೀಕ್ಷಣಾ ಪಟ್ಟಿಗೆ ಸೇರಿದರೆ ಆ ಚಿಂತೆ ಅವರಿಬ್ಬರದೇ ಆಗುತ್ತದೆ. ಐದೈದು ಮಂದಿಯ ನಾಲ್ಕು ಗುಂಪುಗಳನ್ನು ಮಾಡಿ, ಪ್ರತಿ ಗುಂಪಿಗೂ ಅನುಭವಿಯಾದ ಒಬ್ಬರನ್ನು ಮುಖಂಡರನ್ನಾಗಿಸಿದರೆ ಯಾರೂ ಒಂಟಿಯಾಗುವುದಿಲ್ಲ. ಅದೇ ಗುಂಪು ರೈಲಿನಲ್ಲಿಯೂ ಹಿಮದಲ್ಲಿಯೂ ಒಟ್ಟಿಗಿರುತ್ತದೆ. ಮುಖಂಡರು ಪ್ರತಿ ನಿಲ್ದಾಣದಲ್ಲಿ ಐದು ತಲೆಗಳನ್ನು ಎಣಿಸಿದರೆ ಸಾಕು.

ಹಣದ ಮಾತು ಇನ್ನೂ ಸೂಕ್ಷ್ಮವಾದುದು. ಇಪ್ಪತ್ತು ಮಂದಿಯಲ್ಲಿ ಎಲ್ಲರ ಕೈಯೂ ಒಂದೇ ಸಮನಾಗಿರುವುದಿಲ್ಲ. ಒಬ್ಬನಿಗೆ ಚಿಲ್ಲರೆಯಾಗಿ ಕಾಣುವ ಮೊತ್ತ ಮತ್ತೊಬ್ಬನ ಮನೆಯಲ್ಲಿ ಒಂದು ತಿಂಗಳ ದಿನಸಿಯಾಗಿರಬಹುದು. ಕಷ್ಟವನ್ನು ಬಾಯಿಬಿಟ್ಟು ಹೇಳಲು ನಾಚುವವನು ಏನೋ ನೆಪ ಹೇಳಿ ಹಿಂದೆ ಸರಿಯುತ್ತಾನೆ; ಇಲ್ಲವೇ ಸಾಲ ಮಾಡಿ ಬರುತ್ತಾನೆ. ತಂಡವು ಈ ಎರಡಕ್ಕೂ ಅವಕಾಶ ಕೊಡಬಾರದು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಇಲ್ಲಿ ಎಲ್ಲರಿಗಿಂತ ಚಿಕ್ಕ ಹಾಸಿಗೆಯುಳ್ಳವನನ್ನು ನೋಡಿ ಅನ್ವಯಿಸಬೇಕು. ತಿಂಗಳು ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ ಕೂಡಿಡುವ ಸಾಮಾನ್ಯ ನಿಧಿ, ಎಲ್ಲರಿಗೂ ಒಂದೇ ತರಗತಿಯ ಪ್ರಯಾಣ, ಸರಳವಾದ ವಸತಿ, ಖರ್ಚಿನ ತೆರೆದ ಪುಸ್ತಕ: ಇವು ಸ್ನೇಹವನ್ನು ಕಾಪಾಡುತ್ತವೆ. ಸ್ಕೀ ಹಲಗೆ, ಬೂಟುಗಳನ್ನು ಕೊಳ್ಳಬೇಕಾಗಿಲ್ಲ. ಅವು ಗುಲ್ಮಾರ್ಗ್‌ನಲ್ಲಿಯೇ ಬಾಡಿಗೆಗೆ ದೊರೆಯುತ್ತವೆ. ಅನಿರೀಕ್ಷಿತವಾದ ಕಾಯಿಲೆಗೂ ದಾರಿಯ ತಡೆಗೂ ನಿಧಿಯ ಒಂದು ಭಾಗವನ್ನು ಮುಟ್ಟದೆ ಇಡುವುದು ಅವಶ್ಯ.

ಇನ್ನು ದೇಹದ ಸಿದ್ಧತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗುಲ್ಮಾರ್ಗ್ ಸುಮಾರು 2,650 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಮುಕ್ಕಾಲು ಭಾಗದಷ್ಟು ಮಾತ್ರ. ಮೊದಲ ದಿನ ಬೇಗ ಏದುಸಿರು ಬರುವುದು, ತಲೆನೋಯುವುದು ಸಹಜ. ಆದುದರಿಂದ ಮೊದಲ ದಿನವನ್ನು ವಿಶ್ರಾಂತಿಗೂ ಮೆಲುನಡಿಗೆಗೂ ಮೀಸಲಿಡಬೇಕು. ಊರಿನಲ್ಲಿರುವಾಗಲೇ ಎರಡು ಮೂರು ತಿಂಗಳ ಕಾಲ ಪ್ರಾತಃಕಾಲದ ಓಟ, ಮೆಟ್ಟಿಲು ಹತ್ತುವುದು, ಮಂಡಿಯನ್ನು ಬಾಗಿಸಿ ನಿಲ್ಲುವುದು ಇವನ್ನು ಅಭ್ಯಾಸ ಮಾಡಿದ್ದರೆ ಶ್ರಮ ಕಡಿಮೆಯಾಗುತ್ತದೆ. ಉಡುಪಿನಲ್ಲಿ ಒಂದು ದಪ್ಪ ಕೋಟಿಗಿಂತ ಹಲವು ತೆಳುವಾದ ಪದರಗಳು ಮೇಲು. ಪದರಗಳ ನಡುವೆ ನಿಂತ ಗಾಳಿಯೇ ದೇಹದ ಶಾಖವನ್ನು ಹಿಡಿದಿಡುತ್ತದೆ. ಹತ್ತಿಯ ಬಟ್ಟೆ ಬೆವರನ್ನು ಹೀರಿ ತೇವವಾಗಿಯೇ ಉಳಿಯುವುದರಿಂದ ಮೈಗೆ ಅಂಟಿದಂತೆ ಅದು ಹಿತವಲ್ಲ, ಉಣ್ಣೆ ಒಳ್ಳೆಯದು. ಹಿಮವು ಬಿಸಿಲನ್ನು ಕನ್ನಡಿಯಂತೆ ಹಿಂದಕ್ಕೆ ಚೆಲ್ಲುವುದರಿಂದ ಕಪ್ಪು ಕನ್ನಡಕವಿಲ್ಲದೆ ಹೊರಡುವುದು ಕಣ್ಣಿಗೆ ಅಪಾಯಕರ.

ಗುಲ್ಮಾರ್ಗ್‌ನಲ್ಲಿ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಇಲಾಖೆಗೆ ಸೇರಿದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಶಿಕ್ಷಣಸಂಸ್ಥೆಯಿದೆ. ಹೊಸಬರು ಗುರುಗಳ ಬಳಿ ಕಲಿಯುವುದೇ ಕ್ಷೇಮ. ಸ್ಕೀ ಹಲಗೆಯ ಗುಟ್ಟು ಸರಳವಾದುದು. ಬರಿಯ ಬೂಟಿನಲ್ಲಿ ನಿಂತಾಗ ದೇಹದ ಭಾರವೆಲ್ಲ ಎರಡು ಅಂಗಾಲುಗಳಷ್ಟು ಜಾಗದ ಮೇಲೆ ಬಿದ್ದು ಕಾಲು ಹೂತುಹೋಗುತ್ತದೆ. ಹಲಗೆಗಳು ಅದೇ ಭಾರವನ್ನು ಐದಾರು ಪಟ್ಟು ಹೆಚ್ಚು ಜಾಗದ ಮೇಲೆ ಹಂಚುವುದರಿಂದ ಮನುಷ್ಯ ಹಿಮದ ಮೇಲೆಯೇ ನಿಲ್ಲುತ್ತಾನೆ. ಮೊದಲು ಕಲಿಸುವುದು ವೇಗವನ್ನಲ್ಲ, ನಿಲ್ಲುವುದನ್ನು. ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರಕ್ಕೆ ತಂದು ಹಿಂದಿನ ತುದಿಗಳನ್ನು ಅಗಲಿಸಿದರೆ, ನೇಗಿಲು ಮಣ್ಣನ್ನು ತಳ್ಳುವಂತೆ ಅವು ಹಿಮವನ್ನು ತಳ್ಳಿ ಓಟವನ್ನು ತಡೆಯುತ್ತವೆ. ಅನಂತರ ಪಕ್ಕಕ್ಕೆ ಬೀಳುವುದನ್ನೂ ಬಿದ್ದ ಮೇಲೆ ಏಳುವುದನ್ನೂ ಕಲಿಸುತ್ತಾರೆ. ಕನ್ನಡನಾಡಿನವರಿಗೆ ಇದು ಒಗ್ಗದ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು ಸ್ಕೀ ಓಟದಲ್ಲಿ ಪಳಗಿ, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟಗಳಲ್ಲಿ ಪದಕಗಳನ್ನು ಗಳಿಸಿದ್ದಾರೆ.

ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಹಿಮದ ಬೆಟ್ಟಕ್ಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. 2010ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಸಮೀಪದ ಖಿಲನ್‌ಮಾರ್ಗ್‌ನಲ್ಲಿ ತರಬೇತಿಯಲ್ಲಿದ್ದ ಸೈನಿಕರ ಮೇಲೆ ಹಿಮಕುಸಿತವಾಗಿ 17 ಮಂದಿ ಪ್ರಾಣ ಕಳೆದುಕೊಂಡರು. ಅವರು ದೃಢಕಾಯರು, ಶಿಸ್ತನ್ನರಿತವರು. ಅವರಿಗೂ ಹಿಮ ದಯೆ ತೋರಲಿಲ್ಲವೆಂದ ಮೇಲೆ, ನಾಲ್ಕು ದಿನ ಕಲಿತ ಪ್ರವಾಸಿಗಳು ಗುರುತಿಸಿದ ಎಲ್ಲೆಯನ್ನು ದಾಟುವುದು ಸಾಹಸವಲ್ಲ, ಅವಿವೇಕ. ಹೊಸ ಹಿಮ ಬಿದ್ದ ಕಡಿದಾದ ಇಳಿಜಾರು ನೋಡಲು ಶಾಂತವಾಗಿದ್ದರೂ ಒಂದು ಹೆಜ್ಜೆಯ ಭಾರಕ್ಕೆ ಜಾರಬಹುದು. ಆದುದರಿಂದ ಹೊರಡುವ ಮುನ್ನವೇ ತಂಡವು ಒಂದು ನಿಯಮವನ್ನು ಒಪ್ಪಿಕೊಂಡಿರಬೇಕು: ಹಿಂದಿರುಗೋಣವೆಂದು ಶಿಕ್ಷಕರಾಗಲಿ ಮುಖಂಡರಾಗಲಿ ಹೇಳಿದರೆ ಎದುರುಮಾತಿಲ್ಲ, ಯಾರಾದರೂ ಒಬ್ಬರು ಬಳಲಿದರೆ ಅವರನ್ನು ಹಂಗಿಸುವಂತಿಲ್ಲ. ಸಾವಿರಾರು ರೂಪಾಯಿ ವ್ಯಯಿಸಿ, ಆರು ದಿನ ಪ್ರಯಾಣ ಮಾಡಿ ಬಂದವರಿಗೆ ಹಿಂದಿರುಗುವ ಮಾತು ಕಹಿಯಾಗಿಯೇ ಇರುತ್ತದೆ. ಆ ಕಹಿಯನ್ನು ಅಲ್ಲಿ ನಿಂತು ಚರ್ಚಿಸುವುದಕ್ಕಿಂತ ಹಲಸೂರಿನಲ್ಲಿ ಕುಳಿತು ಮೊದಲೇ ಒಪ್ಪಿಕೊಂಡಿರುವುದು ಸುಲಭ.

ಪ್ರವಾಸದ ಫಲವೇನು ಎಂದು ಕೇಳಿದರೆ ಹಿಮವನ್ನು ಕಂಡ ಸಂತೋಷವೆಂದು ಯಾರಾದರೂ ಹೇಳಬಹುದು. ಅದು ನಿಜವೇ. ಆದರೆ ತಂಡವು ಗಳಿಸುವುದು ಅದಕ್ಕಿಂತ ಹೆಚ್ಚಿನದು. ವೇಗಶಾಲಿಯು ನಿಧಾನಿಗಾಗಿ ಕಾಯುವುದನ್ನು ಕಲಿಯುತ್ತಾನೆ. ಉಳ್ಳವನು ಇಲ್ಲದವನ ಮನಸ್ಸನ್ನು ಅರಿಯುತ್ತಾನೆ. ತನ್ನ ಹೆಸರನ್ನು ಎಣಿಸುವವರು ಒಬ್ಬರಿದ್ದಾರೆಂಬ ಧೈರ್ಯ ಪ್ರತಿಯೊಬ್ಬನಿಗೂ ಬರುತ್ತದೆ. ಜೋಜಿ ಲಾದಲ್ಲಿ ದಾರಿಯನ್ನು ಕಡಿದ ಸ್ಯಾಪರ್‌ಗಳಲ್ಲಿ ಬಹುಮಂದಿಯ ಹೆಸರು ಯಾರಿಗೂ ತಿಳಿಯದು. ಅವರು ತಮಗಾಗಿ ಮಾತ್ರ ದಾರಿ ಮಾಡಲಿಲ್ಲ. ತಿಂಗಳುಗಳ ಮುಂಚೆ ಕುಳಿತು ಲೆಕ್ಕ ಬರೆದು, ರೈಲಿನ ವೇಳೆಯನ್ನು ನೋಡಿ, ಸಂಗಡಿಗರ ಕಷ್ಟವನ್ನು ವಿಚಾರಿಸುವವನು ಮಾಡುವುದೂ ಅದೇ ಬಗೆಯ ಕೆಲಸ. ಹೊರಟ ಇಪ್ಪತ್ತು ಮಂದಿಯೂ ದಂಡಿನ ನಿಲ್ದಾಣಕ್ಕೆ ಕ್ಷೇಮವಾಗಿ ಹಿಂದಿರುಗಿ, ಮುಖಂಡರು ಕೊನೆಯ ಬಾರಿ ತಲೆಗಳನ್ನು ಎಣಿಸಿ ಲೆಕ್ಕ ಸರಿಯಾಯಿತೆಂದು ನಿಟ್ಟುಸಿರು ಬಿಟ್ಟಾಗಲೇ ಆ ಪ್ರಯಾಣವು ಪೂರ್ಣವಾಗುತ್ತದೆ.