7:4 – ಮನುಷ್ಯರನ್ನು ಹಂಚಿದ ಒಪ್ಪಂದ

ಲೆಕ್ಕಶಾಸ್ತ್ರದ ಪಾಲುದಾರಿಕೆ ಪಾಠದಲ್ಲಿ ನಾವು ದಿನಾ ಅನುಪಾತ ಹಾಕುತ್ತೇವೆ. ಅಲ್ಲಿ ಹಂಚುವುದು ಲಾಭ ನಷ್ಟವನ್ನು. ಆದರೆ ಎರಡು ದೇಶಗಳು ಒಟ್ಟಿಗೆ ಕೂತು ಮನುಷ್ಯರನ್ನೇ 7:4ರ ಅನುಪಾತದಲ್ಲಿ ಹಂಚಿಕೊಂಡದ್ದೂ ಇದೆ. ಆ ದೇಶಗಳು ಭಾರತ ಮತ್ತು ಸಿಲೋನ್, ಅಂದರೆ ಈಗಿನ ಶ್ರೀಲಂಕಾ.

ಮಳೆ ಕೈಕೊಟ್ಟ ವರ್ಷ ನಮ್ಮ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಜನ ಗುಳೆ ಹೋಗುವುದು ನಮಗೆ ಗೊತ್ತೇ ಇದೆ. ಕೆಲವರು ಮಲೆನಾಡಿನ ಕಾಫಿ ತೋಟಗಳಿಗೂ ಹೋಗುತ್ತಾರೆ. ಬ್ರಿಟಿಷರ ಕಾಲದಲ್ಲಿ ಹೀಗೆಯೇ ಮದ್ರಾಸ್ ಪ್ರಾಂತ್ಯದ ತಮಿಳು ಜಿಲ್ಲೆಗಳಿಂದ ಕೂಲಿಗಳನ್ನು ಸಿಲೋನಿನ ತೋಟಗಳಿಗೆ ಕರೆದೊಯ್ದರು. ಮೊದಲು ಕಾಫಿ, ಅದಕ್ಕೆ ಎಲೆ ರೋಗ ಬಂದ ಮೇಲೆ ಚಹಾ. (ಆಗ ನಮ್ಮ ತಾಲ್ಲೂಕುಗಳೂ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ.)

ಸಿಲೋನ್ 1948ರ ಫೆಬ್ರವರಿ 4ರಂದು ಸ್ವತಂತ್ರವಾಯಿತು. ಅದೇ ವರ್ಷ ತಂದ ಪೌರತ್ವ ಕಾಯ್ದೆಯಿಂದ ತೋಟದ ಕಾರ್ಮಿಕರಲ್ಲಿ ಹೆಚ್ಚಿನವರು ಯಾವ ದೇಶಕ್ಕೂ ಸೇರದವರಾದರು. ಅವರಲ್ಲಿ ಬಹಳಷ್ಟು ಜನ ಅಲ್ಲೇ ಹುಟ್ಟಿದವರು. ಅವರು ಸಿಲೋನಿನ ಹೊಣೆ ಎಂಬುದು ನೆಹರು ಅವರ ನಿಲುವಾಗಿತ್ತು. 1954ರಲ್ಲಿ ಕೊಟೆಲಾವಾಲ ಅವರ ಜೊತೆ ಒಪ್ಪಂದವಾದರೂ ವಿಷಯ ಬಗೆಹರಿಯಲಿಲ್ಲ.

ನೆಹರು ತೀರಿಕೊಂಡ ವರ್ಷವೇ, 1964ರ ಅಕ್ಟೋಬರ್ 30ರಂದು, ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ದೆಹಲಿಯಲ್ಲಿ ಸಹಿ ಹಾಕಿದರು. ಲೆಕ್ಕ ಹೀಗಿತ್ತು: ಒಟ್ಟು 9,75,000 ಜನ. ಭಾರತಕ್ಕೆ 5,25,000, ಸಿಲೋನಿಗೆ 3,00,000. ಇದೇ 7:4. ಉಳಿದ 1,50,000 ಜನರನ್ನು ‘ಆಮೇಲೆ ನೋಡೋಣ’ ಎಂದು ಬಿಟ್ಟು, 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಸಮಪಾಲು ಮಾಡಿದರು.

ಇದನ್ನು ಮನೆಯಲ್ಲಿ ಉರ್ದುವಿನಲ್ಲಿ ವಿವರಿಸಿದಾಗ ನಾನಿ ಕೇಳಿದ್ದು ಒಂದೇ ಮಾತು: “ಅವರನ್ನ ಯಾರಾದ್ರೂ ಕೇಳಿದ್ರಾ?” ಅರ್ಜಿ ಕರೆದರು, ಆದರೆ ಅನುಪಾತ ನಿಗದಿಯಾದ ಮೇಲೆ. ಸಿಲೋನ್ ಪೌರತ್ವ ಕೇಳಿದವರು 3 ಲಕ್ಷಕ್ಕಿಂತ ಎಷ್ಟೋ ಹೆಚ್ಚಾದರು. ಭಾರತಕ್ಕೆ ಬರುತ್ತೇವೆ ಎಂದವರು 5,25,000 ತಲುಪಲೇ ಇಲ್ಲ. ಎರಡೂ ಬದಿ ತಾಳೆಯಾಗದ ಲೆಕ್ಕ. ಎರಡು ನೆರೆ ದೇಶಗಳ ಮನಸ್ತಾಪ ತಿಳಿಯಾಗಿದ್ದು ನಿಜ. ಆದರೆ ಅದರ ಬೆಲೆಯನ್ನು ಸಹಿ ಹಾಕಿದವರು ತೆರಲಿಲ್ಲ ಎಂದು ನನಗನಿಸುತ್ತದೆ. ನಮ್ಮ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆದರೂ ಯಾರೂ ಮನೆ ಬಿಡಬೇಕಾಗಲಿಲ್ಲ. ಅವರು ಮನೆಯನ್ನೇ ಬಿಟ್ಟು ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದರು. ತಾವು ನೋಡಿಯೇ ಇರದ ‘ಸ್ವದೇಶ’ ಅದು.

ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳು ಕರ್ನಾಟಕದಲ್ಲೇ ಇವೆ. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗದಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಅವರಿಗೆ ಕೆಲಸ ಕೊಟ್ಟರು. ಚಹಾ ಚಿಗುರು ಕೀಳುತ್ತಿದ್ದ ಕೈಗಳು ರಬ್ಬರ್ ಮರ ಕೆತ್ತಿ ಹಾಲು ತೆಗೆಯುವುದನ್ನು ಕಲಿತವು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಮನೆಯಲ್ಲಿ ಉರ್ದು ಮಾತಾಡಿ ಇಲ್ಲಿ ಕನ್ನಡ ಬರೆಯುವ ನನಗೆ ಇದು ಹೊಸದಲ್ಲ.

1983ರ ಗಲಭೆಯ ನಂತರ ಯುದ್ಧ ಶುರುವಾಗಿ, ಮರು ವರ್ಷ ಹಡಗು ನಿಂತಿತು. ಹಂಚಿಕೆ ಅರ್ಧಕ್ಕೇ ಉಳಿಯಿತು. ಕೊನೆಗೆ 2003ರಲ್ಲಿ ಶ್ರೀಲಂಕಾ ಇನ್ನೊಂದು ಕಾನೂನು ತಂದಿತು: 1964ರ ಅಕ್ಟೋಬರ್ 30ರಿಂದ ಅಲ್ಲೇ ಕಾಯಂ ಆಗಿ ಇರುವವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ಪೌರತ್ವ ಕೊಡಬಹುದು ಎಂದು. ದಿನಾಂಕ ಗಮನಿಸಿ, ಸಹಿ ಹಾಕಿದ ಅದೇ ದಿನ. ಅಷ್ಟರಲ್ಲಿ ಸುಳ್ಯಕ್ಕೆ ಬಂದವರ ಮಕ್ಕಳು ಕನ್ನಡ ಶಾಲೆಯ ಪರೀಕ್ಷೆಗಳನ್ನು ಬರೆದಾಗಿತ್ತು.